ಬಿಟ್ಟುಹೋದ ಒತ್ತು

ಮೆಟ್ಟಿಲ ಬುಡದಲ್ಲಿ ಒಂಬತ್ತು ಜೊತೆ ಚಪ್ಪಲಿ ಬಿಟ್ಟಿದ್ದರು. ಮೊದಲ ಶನಿವಾರ ಅವನ್ನು ಎಣಿಸಿ ಮನೆಗೆ ವಾಪಸು ಬಂದೆ. ಎರಡನೇ ಶನಿವಾರ ಎಂಟು ಜೊತೆ. ಅವತ್ತೂ ಹತ್ತಲಿಲ್ಲ. ಎದುರಿನ ಟೀ ಅಂಗಡಿಗೆ ಹೋದೆ. ಕೈ ನಡುಗುವುದು ಅಂಗಡಿಯವನ ಕಣ್ಣಿಗೆ ಬೀಳದಿರಲೆಂದು ಲೋಟವನ್ನು ಕಟ್ಟೆಯ ಮೇಲಿಟ್ಟು, ಬಗ್ಗಿ ಎರಡು ಗುಟುಕು ಕುಡಿದು ಎದ್ದುಬಿಟ್ಟೆ. ಮೂರನೇ ವಾರ ಅಲ್ಲಿ ಒಂದು ಜೊತೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಇತ್ತು. ಒಂದರ ಪಟ್ಟಿ ಕಿತ್ತುಹೋಗಿ, ಅಟ್ಟೆಯ ಕೆಳಗಿಂದ ಸೇಫ್ಟಿ ಪಿನ್ ಹಾಕಿ ನಿಲ್ಲಿಸಿದ್ದರು. ಆ ಪಿನ್ನನ್ನು ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ. ಇಷ್ಟು ಜತನದಿಂದ ಚಪ್ಪಲಿ ರಿಪೇರಿ ಮಾಡಿಕೊಂಡು ಯಾರೋ ಇಲ್ಲಿಯವರೆಗೆ ನಡೆದು ಬಂದಿದ್ದಾರಲ್ಲ ಅನ್ನಿಸಿತು. ನನ್ನದನ್ನೂ ಪಕ್ಕದಲ್ಲಿ ಬಿಟ್ಟು ಮೇಲೆ ಹತ್ತಿದೆ.

ಅದು 2018ರ ಜೂನ್. ರಾಜೀವನಗರ ಎರಡನೇ ಹಂತ, ಅಲ್ ಬದರ್ ಸರ್ಕಲ್ಲಿನಿಂದ ಐದಾರು ನಿಮಿಷದ ನಡಿಗೆ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಉದ್ದನೆಯ ಒಂದು ಹಾಲ್. ಬೆಳಗಿನ ಹೊತ್ತು ಅಲ್ಲಿ ಹೆಣ್ಣುಮಕ್ಕಳು ಹೊಲಿಗೆ ಕಲಿಯುತ್ತಿದ್ದರು. ಶನಿವಾರ ಸಂಜೆ ನಾಲ್ಕರಿಂದ ಐದೂವರೆವರೆಗೆ ನಮ್ಮದು. ಹೊಲಿಗೆ ಮಿಷನ್ನುಗಳನ್ನು ಗೋಡೆಗೆ ಸರಿಸಿ, ಜಮಖಾನ ಹಾಸಿ, ಮಂಡಿ ನೋವಿನವರಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿ ಸುತ್ತಲೂ ಕೂರುತ್ತಿದ್ದೆವು. ಜಮಖಾನದ ಮೇಲೆ ಯಾವಾಗಲೂ ಬಣ್ಣದ ದಾರದ ತುಂಡುಗಳು ಸಿಗುತ್ತಿದ್ದವು. ಮಾತಾಡಲು ಕಷ್ಟವಾದವರು ಆ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಮಾತಾಡುತ್ತಿದ್ದರು. ಬೋರ್ಡು ಇರಲಿಲ್ಲ. ‘ಸಮೂಹ ಚಿಕಿತ್ಸೆ’ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ನಮ್ಮ ಬಾಯಲ್ಲಿ ಅದು ಬರೀ ‘ಶನಿವಾರ’.

ನಾನು ಕರಡು ತಿದ್ದುವವನು. ಮೊಳೆ ಜೋಡಿಸುವ ಕಾಲದ ಕೊನೆಯಲ್ಲಿ ಮೈಸೂರಿನ ಒಂದು ಅಚ್ಚುಕೂಟಕ್ಕೆ ಸೇರಿ, ಆಮೇಲೆ ಡಿಟಿಪಿ ಬಂದು, ಈಗ ಮನೆಯಲ್ಲೇ ಕೂತು ಪ್ರಕಾಶಕರು ಕಳಿಸಿದ ಪುಟಗಳನ್ನು ಓದುತ್ತೇನೆ. ಅಲ್ಪಪ್ರಾಣ ಮಹಾಪ್ರಾಣ, ಬಿಟ್ಟ ದೀರ್ಘ, ತಪ್ಪಿದ ಒತ್ತು, ಎರಡು ಸಲ ಬಂದ ಸಾಲು, ಇವೇ ನನ್ನ ಅನ್ನ. ‘ಖಿನ್ನತೆ’ ಎಂಬ ಪದವನ್ನು ಎಷ್ಟು ನೂರು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಡಿಟಿಪಿ ಹುಡುಗರು ‘ಖ’ ಬದಲು ‘ಕ’ ಹೊಡೆದಿರುತ್ತಿದ್ದರು. ಆ ಪದ ನನ್ನ ಎದೆಯ ಮೇಲೆ ಬಂದು ಕೂತಾಗ ಮಾತ್ರ ನನಗೆ ಅದರ ಗುರುತು ಸಿಗಲಿಲ್ಲ.

2017ರ ನವೆಂಬರಿನಲ್ಲಿ ನನ್ನ ಅಣ್ಣ ತೀರಿಕೊಂಡ. ನನಗಿಂತ ಹತ್ತು ವರ್ಷ ದೊಡ್ಡವನು, ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು. ಬೆಳಿಗ್ಗೆ ಹಾಲು ತರಲು ಹೋದವನು ಹಾಲಿನ ಬೂತ್ ಹತ್ತಿರವೇ ಕುಸಿದ. ತಿಥಿ ಕಾರ್ಡು ಅಚ್ಚು ಹಾಕಿಸುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು. ಕರಡು ಬಂದಾಗ ಮೂರು ಸಲ ಓದಿದೆ. ತಾರೀಖು, ವಾರ, ಮಂಟಪದ ವಿಳಾಸ, ದುಃಖತಪ್ತರ ಪಟ್ಟಿ ಎಲ್ಲ ಸರಿ. ಕಾರ್ಡು ಹಂಚಿ ಮುಗಿದ ಮೇಲೆ ಅತ್ತಿಗೆಯ ತಮ್ಮ ತೋರಿಸಿದ. ಅಣ್ಣನ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ಯಾರದೋ ಪುಸ್ತಕದ ಆರನೂರು ಪುಟದಲ್ಲಿ ಒಂದು ಅಕ್ಷರ ತಪ್ಪಲು ಬಿಡದವನು, ಒಡಹುಟ್ಟಿದವನ ಹೆಸರನ್ನು ಮೂರು ಸಲ ನೋಡಿಯೂ ನೋಡಿರಲಿಲ್ಲ.

ಅಲ್ಲಿಂದ ಶುರುವಾಯಿತು. ಓದಿದ ಸಾಲನ್ನೇ ಮತ್ತೆ ಓದುವುದು. ಪುಟ ತಿರುವಿ, ಅನುಮಾನ ಬಂದು, ಹಿಂದಕ್ಕೆ ತಿರುವುವುದು. ದಿನಕ್ಕೆ ನಲವತ್ತು ಪುಟ ನೋಡುತ್ತಿದ್ದವನಿಗೆ ನಾಲ್ಕು ಪುಟ ದಾಟುವುದು ಕಷ್ಟವಾಯಿತು. ರಾತ್ರಿ ಒಂದೂವರೆಗೆ ಎಚ್ಚರವಾಗಿ, ಎಡಗೈ ಮಣಿಕಟ್ಟಿಗೆ ಬಲಗೈ ಬೆರಳಿಟ್ಟು ನಾಡಿ ಎಣಿಸುತ್ತಿದ್ದೆ. ಎಣಿಸುವುದು ನಿಲ್ಲಿಸಿದರೆ ಅದೂ ನಿಂತುಹೋಗುತ್ತದೆ ಎಂದು ನನಗೆ ಖಂಡಿತವಾಗಿ ಅನ್ನಿಸುತ್ತಿತ್ತು. ಜನವರಿಯಲ್ಲಿ ಒಂದು ದಿನ ಸಿಟಿ ಬಸ್ಸಿನಲ್ಲಿ ಎದೆ ಹಿಡಿದಂತಾಗಿ, ಕೈಬೆರಳು ಜುಮುಗುಟ್ಟಿ, ಉಸಿರು ಸಾಲದೆ, ಯಾವುದೋ ಸ್ಟಾಪಿನಲ್ಲಿ ಇಳಿದು ಫುಟ್‌ಪಾತ್ ಮೇಲೆ ಕೂತುಬಿಟ್ಟೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಸಿಜಿ, ಎಕೋ, ರಕ್ತ ಎಲ್ಲ ನೋಡಿದರು. “ಏನೂ ಇಲ್ಲ, ಗ್ಯಾಸ್ಟ್ರಿಕ್, ಟೆನ್ಷನ್ ತಗೋಬೇಡಿ” ಎಂದು ಕಳಿಸಿದರು. ಅಂಥ ಮಾತು ಕೇಳಿದವರಿಗೆ ಗೊತ್ತು. ಏನೂ ಇಲ್ಲ ಅಂದಮೇಲೆ ಹೇಳಿಕೊಳ್ಳಲೂ ಏನೂ ಉಳಿಯುವುದಿಲ್ಲ. ಬಸ್ಸು ಹತ್ತುವುದು ಬಿಟ್ಟೆ. ಆಮೇಲೆ ಮದುವೆಮನೆ ಬಿಟ್ಟೆ, ಮಾರ್ಕೆಟ್ಟು ಬಿಟ್ಟೆ. ಏಪ್ರಿಲ್ ಹೊತ್ತಿಗೆ ಗಡ್ಡ ಕೆರೆಯುವುದನ್ನೂ ಬಿಟ್ಟಿದ್ದೆ.

ಹೆಂಡತಿ ಮನೋವೈದ್ಯರ ಹತ್ತಿರ ಹೋಗೋಣ ಅಂದಾಗ ನನ್ನ ತಾಯಿ ಅತ್ತಳು. ಅವಳ ತಲೆಮಾರಿಗೆ ಆ ದಾರಿಯೆಂದರೆ ‘ಶರಪಂಜರ’. ನಮ್ಮ ಮೈಸೂರಿನ ತ್ರಿವೇಣಿ ಬರೆದ ಕಾದಂಬರಿಯನ್ನು 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರಲ್ಲ, ಅದನ್ನು ಅಮ್ಮ ಕಲ್ಪನಾಗೋಸ್ಕರ ಎರಡು ಸಲ ನೋಡಿದ್ದಳು. ಬಾಣಂತನದ ನಂತರ ಕಾಯಿಲೆಬಿದ್ದ ಕಾವೇರಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಮುರಿಯುವುದು ಮನೆಯವರ, ನೆರೆಯವರ ಕಣ್ಣು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಹೇಳಹೊರಟದ್ದು ಇದನ್ನೇ. ನೋಡಿದ ಬಹಳ ಜನರಿಗೆ ಮಾತ್ರ ಉಳಿದದ್ದು ಹೆದರಿಕೆ. ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎನ್ನುವುದು ನಮ್ಮ ಕಡೆ ಇವತ್ತಿಗೂ ಬೈಗುಳ. ಆ ಸಂಸ್ಥೆಯಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ಎಂದು ಹೇಳುತ್ತ ಬಂದ ಮೇಲೂ ಬೈಗುಳ. ‘ರಾಶಿ’ಯವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಮನಸ್ಸಿನ ಬಗ್ಗೆ ಬರೆದ ಪುಸ್ತಕವನ್ನು ನಮ್ಮ ಭಾಷೆ ಹಾಗೆ ಗೌರವಿಸಿತು. ಮನಸ್ಸು ಕೆಟ್ಟವರನ್ನು ಗೌರವಿಸುವುದು ಮನೆಗಳಿಗೆ ಇನ್ನೂ ಬಂದಿಲ್ಲ.

ಡಾಕ್ಟರು ಮಾತ್ರೆ ಬರೆದರು. ನಿದ್ದೆ ಸ್ವಲ್ಪ ಸುಧಾರಿಸಿತು. ಎರಡನೇ ಭೇಟಿಯಲ್ಲಿ ಶನಿವಾರದ ಗುಂಪಿನ ಸಂಗತಿ ಹೇಳಿದರು. “ನನ್ನ ಗೋಳೇ ನನಗೆ ಹೊರಲಾಗದಷ್ಟಿದೆ, ಇನ್ನು ಹತ್ತು ಜನರದ್ದು ಕೇಳಿ ಏನಾಗಬೇಕು ಸಾರ್?” ಅಂದೆ. ಅವರು ವಾದ ಮಾಡಲಿಲ್ಲ. “ನಾಲ್ಕು ವಾರ ಹೋಗಿ ನೋಡಿ, ಮಾತಾಡಲೇಬೇಕು ಅಂತೇನೂ ಇಲ್ಲ” ಅಂದರು.

ಅವತ್ತು ಮೇಲೆ ಹತ್ತಿದಾಗ ಗುಂಪು ನಡೆಸುವ ಮೇಡಂ ಎದ್ದು ಬಂದು ಸ್ವಾಗತಿಸಲಿಲ್ಲ, ಎಲ್ಲರೆದುರು ಪರಿಚಯ ಹೇಳಿಸಲಿಲ್ಲ. ಕೂರಲು ಸ್ವಲ್ಪ ಜಾಗ ಮಾಡಿದರು, ಅಷ್ಟೇ. ಪ್ರತಿ ವಾರ ಹೇಳುವ ಕಟ್ಟಳೆಯನ್ನು ನನಗಾಗಿ ಇನ್ನೊಮ್ಮೆ ಹೇಳಿದರು. ಇಲ್ಲಿ ಆಡಿದ್ದು ಇಲ್ಲೇ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಕೇಳದೆ ಯಾರೂ ಬುದ್ಧಿ ಹೇಳುವಂತಿಲ್ಲ. ಸಾಯಬೇಕು ಅನ್ನಿಸಿದರೆ ಅದನ್ನು ಮುಚ್ಚಿಡುವಂತಿಲ್ಲ. ಆ ಕೊನೆಯ ಮಾತನ್ನು ಅವರು ‘ಉಪ್ಪು ಕಮ್ಮಿಯಾದರೆ ಹೇಳಿ’ ಎನ್ನುವಷ್ಟು ಸಹಜವಾಗಿ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆಗಷ್ಟೇ, 2018ರ ಮೇ 29ರಂದು, ಜಾರಿಗೆ ಬಂದಿತ್ತು. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಯೆಂದು ನೋಡದೆ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆಂದು ಅದು ಹೇಳುತ್ತದೆ. ಕಾಯಿಲೆಯ ವಿವರ ಗುಟ್ಟಾಗಿರುವುದು ರೋಗಿಯ ಹಕ್ಕು ಎಂದೂ ಹೇಳುತ್ತದೆ. ಮೇಡಂ ಅದನ್ನು ಸರಳ ಕನ್ನಡದಲ್ಲಿ, ಆಮೇಲೆ ಉರ್ದುವಿನಲ್ಲಿ ವಿವರಿಸಿದರು.

ಇಲ್ಲಿ ಆಡಿದ್ದು ಇಲ್ಲೇ ಎಂದ ಮೇಲೆ ನಾನು ಈಗ ಬರೆಯುವುದು ಹೇಗೆ? ಇದನ್ನು ಬರೆಯುವ ಮೊದಲು ಕೇಳಿದೆ. ಒಪ್ಪಿದವರ ಮಾತನ್ನು ಮಾತ್ರ, ಹೆಸರಿಲ್ಲದೆ ಬರೆಯುತ್ತಿದ್ದೇನೆ. ಒಬ್ಬರನ್ನು ಕೇಳಲು ಆಗಿಲ್ಲ. ಅವರ ಕಷ್ಟವನ್ನು ಬರೆಯುವುದಿಲ್ಲ, ನನಗೆ ಅವರು ಮಾಡಿದ ಉಪಕಾರವನ್ನಷ್ಟೇ ಬರೆಯುತ್ತೇನೆ.

ಸೇಫ್ಟಿ ಪಿನ್ನಿನ ಚಪ್ಪಲಿ ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದವರದು. ಅರವತ್ತರ ಆಸುಪಾಸು, ನಲವತ್ತು ವರ್ಷದಿಂದ ಬೀಡಿ ಕಟ್ಟುವವರು. ನಮ್ಮ ಬಡಾವಣೆಯಲ್ಲಿ, ಪಕ್ಕದ ಉದಯಗಿರಿ, ಶಾಂತಿನಗರ, ಗೌಸಿಯಾನಗರಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಗಸರ ಆ ಕೆಲಸದಿಂದ. ಗಂಡಸರು ಹೆಂಗಸರು ಒಂದೇ ಜಮಖಾನದ ಮೇಲೆ ಕೂತು ಮನಸ್ಸಿನ ಮಾತಾಡುವುದು ನಮ್ಮ ಓಣಿಗಳಲ್ಲಿ ಸುಲಭದ ಸಂಗತಿಯಲ್ಲ. ಬೇರೆ ಬೇರೆ ಮಾಡೋಣವೇ ಎಂದು ಮೇಡಂ ಕೇಳಿದಾಗ ಖಾಲಾ, “ನನಗೆ ಮೊಮ್ಮಗಳ ಮದುವೆ ಆಗೋ ವಯಸ್ಸು, ನನಗ್ಯಾರು ಏನಂತಾರೆ? ನಾನ್ ಕೂತ್ರೆ ಈ ಹುಡುಗೀರೂ ಕೂರ್ತಾರೆ” ಅಂದರಂತೆ. ಹಾಗೇ ಆಯಿತು. ಅವರ ಎಡಬಲದಲ್ಲಿ ಒಬ್ಬ ಕಾಲೇಜು ಹುಡುಗಿ, ಒಬ್ಬ ನರ್ಸ್ ಯಾವಾಗಲೂ ಕೂರುತ್ತಿದ್ದರು.

ನನ್ನ ಆ ಮೊದಲ ದಿನ ಖಾಲಾ ಹೇಳುತ್ತಿದ್ದರು. ಅವರದು ಅರ್ಧ ಕನ್ನಡ, ಅರ್ಧ ದಖನಿ. ಬೆಳಗಿಂದ ಬೀಡಿ ಎಣಿಸುವುದು. ಇಪ್ಪತ್ತೈದಕ್ಕೆ ಒಂದು ಕಟ್ಟು, ಸಾವಿರಕ್ಕೆ ಇಷ್ಟು ಕೂಲಿ. ಕೈ ತಾನಾಗಿ ಎಣಿಸುತ್ತದೆ. ಆಮೇಲೆ ಅಂದರು: “ರಾತ್ರಿ ಬೀಡಿ ಇಲ್ಲ, ಎಲೆ ಇಲ್ಲ, ಆದ್ರೂ ಎಣಿಸ್ತೀನಿ. ಎದೆ ಮೇಲೆ ಕೈ ಇಟ್ಕೊಂಡು ಎಣಿಸ್ತೀನಿ. ನಾನ್ ಎಣಿಸೋದು ಬಿಟ್ರೆ ಅದು ನಿಂತ್‌ಹೋಗ್ತದೆ ಅಂತ. ಯಾರಿಗ್ ಹೇಳ್ಲಿ? ಪಾಗಲ್ ಅಂತಾರೆ.”

ನಾನು ಹೆಂಡತಿಗೂ ಹೇಳಿರಲಿಲ್ಲ. ಡಾಕ್ಟರಿಗೂ ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿದ್ದೆ. ನನ್ನ ರಾತ್ರಿಯ ಆ ಸಾಲು, ಅಕ್ಷರ ಬದಲಾಗದೆ, ಪರಿಚಯವೇ ಇಲ್ಲದ ಒಬ್ಬ ಹೆಂಗಸಿನ ಬಾಯಿಂದ ಬಂತು. ಬೇರೆಯವರ ಬರಹದಲ್ಲಿ ತಪ್ಪು ಹುಡುಕುವುದೇ ಕಸುಬಾದ ನನಗೆ ಆ ಸಾಲಿನಲ್ಲಿ ತಿದ್ದಲು ಏನೂ ಇರಲಿಲ್ಲ. ಆ ದಿನ ನಾನು ಬಾಯಿ ಬಿಡಲಿಲ್ಲ. ಅಂದು ರಾತ್ರಿ ಎಚ್ಚರವಾದಾಗ ಅಭ್ಯಾಸದಂತೆ ಮಣಿಕಟ್ಟು ಹಿಡಿದೆ. ಎರಡು ಓಣಿ ಆಚೆ ಖಾಲಾ ಕೂಡ ಎಣಿಸುತ್ತಿರಬಹುದು ಎನ್ನಿಸಿತು. ಎಷ್ಟಕ್ಕೆ ಲೆಕ್ಕ ತಪ್ಪಿತೋ ತಿಳಿಯದು, ನಿದ್ದೆ ಬಂದಿತ್ತು.

ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ 1970ರಲ್ಲಿ ಸಮೂಹ ಚಿಕಿತ್ಸೆಯ ಬಗ್ಗೆ ದೊಡ್ಡ ಪುಸ್ತಕ ಬರೆದರು. ಗುಂಪಿನಲ್ಲಿ ವಾಸಿ ಮಾಡುವ ಸಂಗತಿಗಳು ಯಾವುವು ಎಂದು ಅವರು ಕೊಡುವ ಪಟ್ಟಿಯಲ್ಲಿ ಮೊದಮೊದಲೇ ಬರುವುದು ಇದು: ನನಗೊಬ್ಬನಿಗೇ ಹೀಗೆ ಎಂಬ ನಂಬಿಕೆ ಒಡೆಯುವುದು. ಆತಂಕ ಮತ್ತು ಖಿನ್ನತೆ ಎರಡೂ ಬದುಕುವುದು ಗುಟ್ಟಿನ ಮೇಲೆ. ಗುಟ್ಟು ಹಳೆಯದಾದಷ್ಟೂ ಅದು ನಮ್ಮ ನಡತೆಯ ದೋಷದಂತೆ ಕಾಣತೊಡಗುತ್ತದೆ, ಕಾಯಿಲೆಯೆಂದು ತೋರುವುದಿಲ್ಲ. ಒಬ್ಬ ಡಾಕ್ಟರು “ಇದು ಸಾಮಾನ್ಯ, ಬಹಳ ಜನಕ್ಕಿದೆ” ಅಂದರೆ ಅದು ಸಮಾಧಾನದ ಮಾತು. ಬೀಡಿಯ ಮೊರದ ಮುಂದೆ ಕೂತು ಸವೆದ ಬೆರಳುಗಳ ಖಾಲಾ ಅಂದರೆ ಅದು ಸಾಕ್ಷಿ.

ಗುಂಪಿನಲ್ಲಿ ಚಿಕಿತ್ಸೆ ಕೊಡುವುದನ್ನು ಮೊದಲು ಮಾಡಿದವರಲ್ಲಿ ಒಬ್ಬರೆಂದು ಹೆಸರಾದ ಜೋಸೆಫ್ ಪ್ರ್ಯಾಟ್ ಮನೋವೈದ್ಯರಲ್ಲ. 1905ರಲ್ಲಿ ಬಾಸ್ಟನ್ನಿನಲ್ಲಿ ಅವರು ವಾರಕ್ಕೊಮ್ಮೆ ಸೇರಿಸುತ್ತಿದ್ದುದು ಕ್ಷಯ ರೋಗಿಗಳನ್ನು, ಸ್ಯಾನಟೋರಿಯಂ ಖರ್ಚು ಭರಿಸಲಾಗದ ಬಡವರನ್ನು. ಜ್ವರ, ಊಟ, ವಿಶ್ರಾಂತಿ ಎಲ್ಲವನ್ನೂ ರೋಗಿಗಳು ದಿನಚರಿಯಲ್ಲಿ ಬರೆದು ತರಬೇಕಿತ್ತು. ಪಾಠಕ್ಕಿಂತ ಹೆಚ್ಚಾಗಿ, ಒಂದೇ ಕಾಯಿಲೆಯವರು ಒಟ್ಟಿಗೆ ಕೂತದ್ದೇ ಅವರ ಮುಖದಲ್ಲಿ ಕಳೆ ತರುತ್ತಿದೆ ಎಂದು ಆ ವೈದ್ಯರು ಗಮನಿಸಿದರು. ಇದನ್ನು ಓದಿದಾಗ ನನಗೆ ಕೆ.ಆರ್.ಎಸ್. ರಸ್ತೆಯ ಪಿ.ಕೆ. ಸ್ಯಾನಟೋರಿಯಂ ನೆನಪಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ, ಕ್ಷಯದಿಂದ ತೀರಿಕೊಂಡ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆಸ್ಪತ್ರೆ ಅದು. ನಾನು ಚಿಕ್ಕವನಿದ್ದಾಗ ಕ್ಷಯ ಎಂಬ ಪದವನ್ನು ದನಿ ತಗ್ಗಿಸಿ ಆಡುತ್ತಿದ್ದರು. ಅರಮನೆಗೂ ಬಂದ ಕಾಯಿಲೆಯನ್ನೇ ಹಾಗೆ ಬಚ್ಚಿಟ್ಟರು. ಇವತ್ತು ದನಿ ತಗ್ಗಿಸುವುದು ನಮ್ಮ ಕಾಯಿಲೆಗೆ.

ದನಿ ಅಂದೆ. ಕೆಳಗಿನ ಗಿರಣಿಯ ಸದ್ದು ನಮಗೆ ದೊಡ್ಡ ಆಸರೆಯಾಗಿತ್ತು. ರಾಗಿ ಬೀಸುವಾಗ ನೆಲ ಸಣ್ಣಗೆ ಅದುರುತ್ತಿತ್ತು. ಆ ಗುಂಯ್ ಸದ್ದಿನಲ್ಲಿ ನಮ್ಮ ಮಾತು ಬೀದಿಗೆ ಹೋಗುತ್ತಿರಲಿಲ್ಲ. ಕರೆಂಟು ಹೋಗಿ ಗಿರಣಿ ನಿಂತರೆ ಎಲ್ಲರೂ ಒಟ್ಟಿಗೆ ಮಾತು ನಿಲ್ಲಿಸುತ್ತಿದ್ದೆವು. ಗುಂಪಿನಲ್ಲಿ ಯಾರು ಎಷ್ಟು ಹೆದರಿದ್ದಾರೆ ಎನ್ನುವುದು ಆ ಮೌನದಲ್ಲಿ ತಿಳಿಯುತ್ತಿತ್ತು. ಐದಾರು ತಿಂಗಳ ಮೇಲೆ ಒಂದು ದಿನ ಕರೆಂಟು ಹೋಯಿತು. ಕಾಲೇಜು ಹುಡುಗಿ ಹೇಳುತ್ತಿದ್ದುದನ್ನು ನಿಲ್ಲಿಸದೆ, ಅದೇ ದನಿಯಲ್ಲಿ ಹೇಳಿ ಮುಗಿಸಿದಳು. ಮೊದಲ ಆರು ವಾರ ಹೆಸರು ಬಿಟ್ಟು ಏನೂ ಹೇಳದೆ ಕೂತಿದ್ದ ಹುಡುಗಿ. ಆಕೆ ಏನು ಹೇಳಿದಳೆಂದು ಬರೆಯುವ ಅಗತ್ಯವಿಲ್ಲ.

ಎಲ್ಲ ಶನಿವಾರವೂ ಹೀಗಿರಲಿಲ್ಲ. ಕೆಲವು ವಾರ ಒಬ್ಬರೇ ಒಂದು ಗಂಟೆ ಮಾತಾಡಿಬಿಡುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರಿಗೆ ಬುದ್ಧಿ ಹೇಳದೆ ಇರಲು ಸಾಧ್ಯವೇ ಇರಲಿಲ್ಲ. ಪ್ರಾಣಾಯಾಮ ಮಾಡಿ, ಬೆಳಿಗ್ಗೆ ನಾಲ್ಕಕ್ಕೆ ಏಳಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನುತ್ತಿದ್ದರು. ಒಂದು ದಿನ ನರ್ಸ್ ಅವರನ್ನು ತಡೆದು, “ಮೇಷ್ಟ್ರೇ, ನಿಮ್ಮ ಮನಸ್ಸು ಹೆಂಗಿದೆ ಅದನ್ನ ಹೇಳಿ” ಎಂದಾಗ ಅವರು ಎದ್ದು ಹೋದರು. ಎರಡು ವಾರ ಬರಲಿಲ್ಲ. ಮೂರನೇ ವಾರ ಬಂದು, ಹೆಂಡತಿ ಸತ್ತ ಮೇಲೆ ತಾವು ಬೆಳಿಗ್ಗೆ ನಾಲ್ಕಕ್ಕೆ ಯಾಕೆ ಏಳುತ್ತಾರೆಂದು ಹೇಳಿದರು. ಗುಂಪು ಒಗ್ಗದೆ ಬಿಟ್ಟವರೂ ಇದ್ದಾರೆ. ಕಾಯಿಲೆ ಉಲ್ಬಣಿಸಿದವರನ್ನು ಮೇಡಂ ಮೊದಲು ಡಾಕ್ಟರ ಹತ್ತಿರ ಕಳಿಸಿ, ಸ್ವಲ್ಪ ತಿಳಿಯಾದ ಮೇಲೆ ಬನ್ನಿ ಎನ್ನುತ್ತಿದ್ದರು. ನಾನೂ ಮಾತ್ರೆ ಬಿಡಲಿಲ್ಲ. ಒಂದೂವರೆ ವರ್ಷ ತೆಗೆದುಕೊಂಡು, ಡಾಕ್ಟರು ಹೇಳಿದಂತೆ ಸ್ವಲ್ಪಸ್ವಲ್ಪ ಇಳಿಸಿ ನಿಲ್ಲಿಸಿದೆ. ಗುಂಪಿದ್ದರೆ ಮಾತ್ರೆ ಬೇಡ ಎನ್ನುವವರ ಮಾತು ಯಾರೂ ಕೇಳಬಾರದು.

ತಿಥಿ ಕಾರ್ಡಿನ ಸಂಗತಿ ಹೇಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಹೇಳಿದಾಗ ಕಾರ್ಡು ಜೇಬಿನಲ್ಲೇ ಇತ್ತು. ಹತ್ತು ತಿಂಗಳಿಂದ ಅಂಗಿ ಬದಲಿಸಿದರೆ ಅದೂ ಬದಲಾಗುತ್ತಿತ್ತು. ತೆಗೆದು ತೋರಿಸಿದೆ. ಮಡಿಕೆಗಳು ಸವೆದು ಹರಿಯುವಂತಿದ್ದವು. ಕಾರ್ಡು ಕೈಯಿಂದ ಕೈಗೆ ಸುತ್ತು ಬಂತು. ಕನ್ನಡ ಓದಲು ಬಾರದ ಖಾಲಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಣ್ಣನ ಫೋಟೋ ನೋಡಿದರು. ಯಾರೂ “ಹೋಗಲಿ ಬಿಡಿ” ಅನ್ನಲಿಲ್ಲ. ಅಂದಿದ್ದರೆ ನಾನು ಮತ್ತೆ ಜೇಬಿಗೆ ಸೇರಿಸಿಕೊಂಡು ಹೋಗುತ್ತಿದ್ದೆ. ಖಾಲಾ ಕೇಳಿದರು:

“ಭಯ್ಯಾ, ನಿಮ್ಮಣ್ಣ ನಿಮ್ಮನ್ನ ಏನಂತ ಕರೀತಿದ್ರು?”

“ಪುಟ್ಟಾ ಅಂತ.”

“ನೀವು?”

ನಾನು ಅವನನ್ನು ಹೆಸರು ಹಿಡಿದು ಕರೆದೇ ಇರಲಿಲ್ಲ. ಹುಟ್ಟಿದಾಗಿನಿಂದ ‘ಅಣ್ಣಯ್ಯ’. ಕಾರ್ಡಿನಲ್ಲಿದ್ದದ್ದು ಶಾಲೆಯ ರಿಜಿಸ್ಟರಿನ ಹೆಸರು, ಕಚೇರಿಯ ಹೆಸರು. ಐವತ್ತು ವರ್ಷ ನನ್ನ ಕಣ್ಣಿಗೆ ಬೀಳದಿದ್ದ ಹೆಸರು. ಅಣ್ಣ ಸತ್ತ ಹನ್ನೊಂದು ದಿನವೂ ಅಳದವನು ಅವತ್ತು ಗಿರಣಿಯ ಮೇಲಿನ ಆ ಹಾಲಿನಲ್ಲಿ ಅತ್ತೆ. ಮೇಡಂ ನೀರು ತಂದು ಪಕ್ಕದಲ್ಲಿಟ್ಟರು, ಏನೂ ಕೇಳಲಿಲ್ಲ. ಆ ತಪ್ಪನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಯಾಕೆಂದು ಆಮೇಲೆ ನನಗೇ ಹೊಳೆಯಿತು. ತಪ್ಪು ಕೈಯಲ್ಲಿದ್ದಷ್ಟು ದಿನ ಅಣ್ಣನ ಸಾವಿಗೆ ಕೈ ಖಾಲಿ ಇರುತ್ತಿರಲಿಲ್ಲ.

ಬಸ್ಸಿನ ಭಯ ಇನ್ನೂ ಇತ್ತು. ಗಾಬರಿ ಏರುವುದು ಹೇಗೆಂದು ಮೇಡಂ ತಿಳಿಸಿದ್ದರು. ಅಪಾಯವಿಲ್ಲದ ಕಡೆ ಮೈ ತಾನಾಗಿ ಗಂಟೆ ಬಾರಿಸುತ್ತದೆ, ಉಸಿರು ಜೋರಾಗುತ್ತದೆ, ಜೋರು ಉಸಿರಿಗೆ ಬೆರಳು ಜುಮುಗುಟ್ಟುತ್ತದೆ, ಅದನ್ನು ಕಂಡು ಭಯ ಇನ್ನಷ್ಟು ಹೆಚ್ಚುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಇಳಿಯುವ ಮೊದಲೇ ನಾವು ಓಡಿಹೋದರೆ, ಓಡಿದ್ದರಿಂದಲೇ ಉಳಿದೆವು ಎಂದು ಮನಸ್ಸು ಕಲಿತುಬಿಡುತ್ತದೆ. ಓಡದೆ ಕೂತು ನೋಡಬೇಕು, ಒಂದು ಸ್ಟಾಪು, ಎರಡು ಸ್ಟಾಪು. ಇದೆಲ್ಲ ನನಗೆ ಅರ್ಥವಾಗಿತ್ತು. ಕಾಲು ಮಾತ್ರ ಫುಟ್‌ಬೋರ್ಡಿನ ಮೇಲೆ ಏಳುತ್ತಿರಲಿಲ್ಲ. ಆಗ ಗುಂಪಿನಲ್ಲಿದ್ದ ಆಟೋ ಓಡಿಸುವ ಅಣ್ಣ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನಾದರೂ ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದೆವು, “ನಾಳೆ ಭಾನುವಾರ ನಾನ್ ಬತ್ತೀನಿ ಸಾರ್” ಅಂದ.

ಬಾಡಿಗೆ ಸಿಗುವ ಹೊತ್ತಿನಲ್ಲಿ ಆಟೋವನ್ನು ಅಲ್ ಬದರ್ ಸರ್ಕಲ್ ಹತ್ತಿರ ನೆರಳಿಗೆ ನಿಲ್ಲಿಸಿ, ಮೀಟರ್ ಮೇಲೆ ಬಟ್ಟೆ ಹಾಕಿ, ನನ್ನ ಜೊತೆ ಸಿಟಿ ಬಸ್ ಹತ್ತಿದ. ಕಿಟಕಿ ಪಕ್ಕ ಅವನು ಕೂತು, ಬಾಗಿಲ ಕಡೆಗೆ ನನ್ನನ್ನು ಕೂರಿಸಿದ. ಉದಯಗಿರಿ ದಾಟುವಷ್ಟರಲ್ಲಿ ನನ್ನ ಬೆರಳು ಜುಮುಗುಟ್ಟತೊಡಗಿತು. ಹೇಳಿದೆ. “ಆಗ್ಲಿ ಸಾರ್, ಎಷ್ಟ್ ಆಯ್ತದೋ ನೋಡುವ” ಅಂದ. ಮೊಬೈಲಿನಲ್ಲಿ ಟೈಮ್ ನೋಡುತ್ತ ಕೂತ. ಫೌಂಟನ್ ಸರ್ಕಲ್ ಹತ್ತಿರ ಉಸಿರು ಸಿಗದಂತಾಯಿತು. ಇಳಿಯೋಣ ಅಂದೆ. “ಇಳ್ಯದು ಕಷ್ಟ ಅಲ್ಲ ಸಾರ್, ಮತ್ ಹತ್ತದು ಕಷ್ಟ, ಇನ್ನೊಂದ್ ಸ್ಟಾಪ್ ಕೂರಿ” ಅಂದ. ಅಶೋಕ ರಸ್ತೆಯಲ್ಲಿ ಬಸ್ಸು ನಿಧಾನವಾಯಿತು. ಚರ್ಚಿನ ಎರಡು ಗೋಪುರ ಕಂಡವು. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ಬನಿಯನ್ ಒದ್ದೆಯಾಗಿತ್ತು, ಎದೆ ಮಾತ್ರ ತನ್ನ ಪಾಡಿಗೆ ಹೊಡೆಯುತ್ತಿತ್ತು. ಅವನು ಎರಡು ಎಳನೀರು ಕೊಡಿಸಿದ. ದುಡ್ಡು ತೆಗೆದುಕೊಳ್ಳಲಿಲ್ಲ. “ಇವತ್ತು ನಾನೂ ಚೆನ್ನಾಗಿದ್ದೀನಿ ಸಾರ್, ಒಬ್ಬರಿಗ್ ಉಪಯೋಗಕ್ ಬಂದೆ” ಅಂದ. ಅವನ ಬಗ್ಗೆ ಇಷ್ಟೇ.

ಖಿನ್ನತೆಯಲ್ಲಿರುವವನಿಗೆ ತಾನು ಯಾರಿಗೂ ಬೇಡವಾದವನು ಅನ್ನಿಸಿರುತ್ತದೆ. ಎದುರಿಗೆ ಒಬ್ಬ ಡಾಕ್ಟರು ಮಾತ್ರ ಇದ್ದಾಗ ನಾವು ತೆಗೆದುಕೊಳ್ಳುವವರಷ್ಟೇ. ಸುತ್ತಲೂ ಹತ್ತು ಜನ ಇದ್ದಾಗ ಕೊಡುವ ಸರದಿಯೂ ನಮಗೆ ಬರುತ್ತದೆ. ಉಗಾಂಡದ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗದ ವರದಿ 2003ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ಖಿನ್ನತೆಯವರ ಗುಂಪುಗಳನ್ನು ವಾರಕ್ಕೊಮ್ಮೆಯಂತೆ ಹದಿನಾರು ವಾರ ನಡೆಸಿದರು. ಕಾಯಿಲೆಗೆ ಅಲ್ಲಿಯ ಜನ ತಮ್ಮ ಭಾಷೆಯಲ್ಲಿ ಏನೆನ್ನುತ್ತಾರೋ ಆ ಪದಗಳನ್ನೇ ಬಳಸಿದರು. ಗುಂಪಿಗೆ ಬಂದವರ ಖಿನ್ನತೆ, ಬಾರದವರಿಗಿಂತ ಬಹಳ ಇಳಿದಿತ್ತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದ್ಧತಿಗೆ ಕೈಪಿಡಿಯನ್ನೇ ಹೊರತಂದಿದೆ. ನಮ್ಮಲ್ಲಿ ಖಿನ್ನತೆ ಎಂದು ಯಾರೂ ಹೇಳುತ್ತಿರಲಿಲ್ಲ. ಬೇಜಾರು, ಯಾವುದರಲ್ಲೂ ಮನಸ್ಸಿಲ್ಲ, ತಲೆ ಭಾರ, ಕೈಕಾಲಲ್ಲಿ ಶಕ್ತಿ ಇಲ್ಲ ಎನ್ನುತ್ತಿದ್ದೆವು. ನಾನು ‘ಗಾಬರಿ’ ಎಂದರೆ ಖಾಲಾ ‘ಘಬ್ರಾಹಟ್’ ಎನ್ನುತ್ತಿದ್ದರು, ಎರಡೂ ಅಕ್ಕತಂಗಿಯರಂತೆ ಕೇಳಿಸುತ್ತಿದ್ದವು.

ಇದೇ ಮೈಸೂರಿನಲ್ಲಿ, ಮಹಾರಾಜ ಕಾಲೇಜಿನಲ್ಲಿ, 1924ರಷ್ಟು ಹಿಂದೆಯೇ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ವಿಭಾಗ ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರುಮಾಡಿದವರೂ ಆ ಮನಶ್ಶಾಸ್ತ್ರದ ಮೇಷ್ಟ್ರೇ. ದನಿ ಮನೆಮನೆಗೆ ತಲುಪಬೇಕೆಂದು ಅವರಿಗೆ ಗೊತ್ತಿತ್ತು. ಮನಶ್ಶಾಸ್ತ್ರ ನಮ್ಮ ಓಣಿಗೆ ತಲುಪಲು ಸುಮಾರು ನೂರು ವರ್ಷ ಬೇಕಾಯಿತು. ಅದೂ ಗಿರಣಿಯ ಮೇಲೆ, ವಾರಕ್ಕೆ ಒಂದೂವರೆ ಗಂಟೆ. ರಾಜೀವನಗರ ಎಂದರೆ ಊರಿನ ಬೇರೆ ಕಡೆಯವರು “ಓ, ಅಲ್ಲಿದೀರಾ?” ಎನ್ನುತ್ತಾರೆ, ಗಲಾಟೆಯಾದಾಗ ಪೇಪರಿನಲ್ಲಿ ಓದಿದ ಹೆಸರು ಅವರಿಗದು. ನನ್ನ ಪಾಲಿಗೆ ಅದು ನನ್ನ ನಾಡಿಯನ್ನು ನನ್ನ ಜೊತೆ ಎಣಿಸಿದವರ ಊರು. ಪ್ರತಿ ಬಡಾವಣೆಯಲ್ಲೂ ಇಂಥದೊಂದು ಹಾಲ್, ಒಂದು ಜಮಖಾನ, ತರಬೇತಾದ ಒಬ್ಬರು ಇರಬೇಕೆಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಶನಿವಾರ ನಿಂತಿತು. ಸ್ಮಾರ್ಟ್‌ಫೋನ್ ಇಲ್ಲದವರೇ ಅರ್ಧ. ಮೇಡಂ ಕಾನ್ಫರೆನ್ಸ್ ಕಾಲ್ ಹಾಕುತ್ತಿದ್ದರು, ಒಮ್ಮೆಗೆ ನಾಲ್ಕೈದು ಜನ. ಫೋನಿನಲ್ಲಿ ಗಿರಣಿಯ ಸದ್ದಿರಲಿಲ್ಲ, ಮನೆಯವರ ಕಿವಿ ಇತ್ತು. ಖಾಲಾ ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಮಾತಾಡುತ್ತಿದ್ದರು. ನೀರಿನ ಸದ್ದು ಕೇಳಿದರೆ ನಮಗೆ ಖಾಲಾ ಬಂದರೆಂದು ತಿಳಿಯುತ್ತಿತ್ತು. ಬೀಡಿ ಕೆಲಸ ನಿಂತಿತ್ತು, ಎಣಿಸಲು ಏನೂ ಇರಲಿಲ್ಲ, ಅದೇ ಅವರಿಗೆ ಹೆಚ್ಚು ಹಿಂಸೆ. ನಾನು ದಿನಾ ರಾತ್ರಿ ಒಂಬತ್ತಕ್ಕೆ ಅವರಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದೆ. ಅವರು ಒಂದು ತಿರುಗಿ ಕೊಡುತ್ತಿದ್ದರು. ಅಷ್ಟರ ಮೇಲೆ ಇಬ್ಬರೂ ಮಲಗುವುದು. 2022ರ ಅಕ್ಟೋಬರ್ 10ರಂದು 14416 ಎಂಬ ಟೆಲಿ ಮಾನಸ್ ಸಂಖ್ಯೆ ದೇಶಕ್ಕೆಲ್ಲ ಬಂದಾಗ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೂ ಮಾತಾಡಬಹುದು ಎಂದಾಗ, ನಾನು ಅದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಗಿರಣಿಯ ಗೋಡೆಗೆ ಅಂಟಿಸಿದೆ. ಐದೇ ಅಂಕಿ. ಹತ್ತು ಸಲ ಓದಿ ನೋಡಿದ್ದೆ, ಮೇಷ್ಟ್ರಿಗೂ ಓದಲು ಕೊಟ್ಟಿದ್ದೆ.

ಅಷ್ಟರಲ್ಲಿ ಗುಂಪು ಮತ್ತೆ ಕೂರತೊಡಗಿತ್ತು. ಕಾಲೇಜು ಹುಡುಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಹಬ್ಬಕ್ಕೆ ಬಂದರೆ ಶನಿವಾರ ತಪ್ಪಿಸುವುದಿಲ್ಲ. ಮೇಷ್ಟ್ರು ಈಗಲೂ ನಾಲ್ಕಕ್ಕೇ ಏಳುತ್ತಾರೆ. ಖಾಲಾ ಕಣ್ಣಿನ ಪೊರೆ ತೆಗೆಸಿಕೊಂಡರು, ಬೀಡಿ ಬಿಟ್ಟರು. ನನಗೆ ಕೆಟ್ಟ ರಾತ್ರಿಗಳು ಈಗಲೂ ಬರುತ್ತವೆ. ಬಂದಾಗ ಮಣಿಕಟ್ಟು ಹಿಡಿಯುತ್ತೇನೆ, ಆಮೇಲೆ ಬಿಡುತ್ತೇನೆ.

ಆಟೋ ಅಣ್ಣ ಲಾಕ್‌ಡೌನ್ ಮುಗಿದ ಮೇಲೆ ಮೂರು ಸಲ ಬಂದ. ಆಮೇಲೆ ಬರಲಿಲ್ಲ. ಮನೆ ಖಾಲಿ ಮಾಡಿದ್ದರು, ಸ್ಟ್ಯಾಂಡಿನಲ್ಲಿ ಕೇಳಿದರೆ ಆಟೋ ಮಾರಿದ ಎಂದರು. ನಂಬರ್ ಇದೆ. ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಪ್ರತಿ ಶನಿವಾರ ಜಮಖಾನ ಮಡಚುವ ಮೊದಲು ನಮ್ಮಲ್ಲೊಬ್ಬರು ಆ ನಂಬರಿಗೆ ಫೋನ್ ಮಾಡಬೇಕೆಂದು ಖಾಲಾ ಮಾಡಿದ ಕಟ್ಟಳೆ. ಈ ವಾರ ಸರದಿ ನನ್ನದು.